ಸೂಕ್ಷ್ಮದರ್ಶಕದ ಕೋಣೆಗೆ ನಾನು ಹಾಕಿದ ಹೊಸ್ತಿಲು

ನಮ್ಮ ಸಂಶೋಧನಾಲಯದ ಮಾನ್ಯ ಸಂಚಾಲಕರೇ,

ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೋಣೆಯ ಬಾಗಿಲಿಗೆ ತಾವು ಅಂಟಿಸಿದ ಆದೇಶವನ್ನು ದಿನಾಲೂ ಓದುವವಳು ನಾನೊಬ್ಬಳೇ ಇರಬೇಕು. ಅದರ ಕೆಳಗೇ ಕೂಡುತ್ತೇನೆ. "ವಿದ್ಯಾರ್ಥಿಗಳು ಸದರಿ ಯಂತ್ರವನ್ನು ಸ್ಪರ್ಶಿಸಕೂಡದು. ಅವರ ನಮೂನೆಗಳ ಛಾಯಾಚಿತ್ರಗಳನ್ನು ಕಚೇರಿಯ ಮೂಲಕ ಒದಗಿಸಲಾಗುವುದು." ಈ ಆದೇಶ ತಪ್ಪು. ಯಂತ್ರ ನಡೆಸುವುದನ್ನು ಕಲಿಸುತ್ತೇವೆ ಬನ್ನಿ ಎಂದು ಎಮ್.ಎಸ್ಸಿ. ಮಕ್ಕಳನ್ನು ಕರೆದವರು ತಾವು. ಯಂತ್ರಕ್ಕೆ ಕೈ ಹಚ್ಚಬೇಡಿ ಎಂದವರೂ ತಾವು. ಬೇಸಿಗೆಗೆ ಮುಂಚೆ ಪರೀಕ್ಷೆಗೆ ಕೂಡ್ರಿಸುವವರೂ ತಾವೇ. ಹೊರಗಿನಿಂದ ಬರುವ ಪರೀಕ್ಷಕರು "ನಡೆಸಿ ತೋರಿಸು" ಎಂದರೆ ಆ ಮಕ್ಕಳು ಏನು ತೋರಿಸಬೇಕು? ಕಚೇರಿ ಒದಗಿಸಿದ ಛಾಯಾಚಿತ್ರವನ್ನೇ?

ಗಾಜಿನ ಸಾಮಾನು ತೊಳೆಯುವ ಹೆಂಗಸಿಗೆ ಇದೆಲ್ಲ ಯಾಕೆ ಬೇಕು ಎಂದು ತಾವು ಕೇಳುವುದು ನ್ಯಾಯವೇ. ನಾನು ಓದಿದ್ದು ಹಳ್ಳಿಯ ಸಾಲೆಯಲ್ಲಿ ಕನ್ನಡ ನಾಲ್ಕನೆಯ ಇಯತ್ತೆಯ ತನಕ. ಆ ಯಂತ್ರದೊಳಗೆ ಏನು ಹರಿಯುತ್ತದೆ, ಏನು ಉರಿಯುತ್ತದೆ, ನನಗೆ ತಿಳಿಯದು. ಆದರೂ ಪತ್ರಿಕೆಗೆ ಬರೆಯಲು ಕೂತಿದ್ದೇನೆ. ಅದಕ್ಕೆ ಕಾರಣ ನಾಚಿಕೆ. ತಾವು ಆ ಆದೇಶವನ್ನು ಮಸಿಯಿಂದ ಬರೆದಿರಿ. ಅದಕ್ಕೂ ಮುಂಚೆ ನಾನು ಅದನ್ನು ಬಾಯಿಂದ ಹೇಳಿದ್ದೆ. ತಮ್ಮನ್ನು ಬೈಯುವ ಮುಂಚೆ ಅದನ್ನು ಹೇಳಿಬಿಡಬೇಕು, ಇಲ್ಲದಿದ್ದರೆ ಈ ಪತ್ರಕ್ಕೆ ಬೆಲೆ ಇಲ್ಲ.

ಯಂತ್ರ ಮುಂಬಯಿಯಿಂದ ರೈಲಿನಲ್ಲಿ ಹುಬ್ಬಳ್ಳಿಗೆ ಬಂದು, ಅಲ್ಲಿಂದ ಲಾರಿಯಲ್ಲಿ ಧಾರವಾಡಕ್ಕೆ ಬಂದದ್ದು ತಮಗೆ ನೆನಪಿರಬೇಕು. ಲಾರಿಯಲ್ಲಿ ಪೆಟ್ಟಿಗೆಗಳ ನಡುವೆ ಕೂತು ಬಂದವರು ಕಮರುದ್ದೀನ ಸಾಹೇಬರು, ಆ ಯಂತ್ರದ ವಿದ್ಯೆ ಕಲಿಸಲೆಂದೇ ನೇಮಕವಾದ ಅಧ್ಯಾಪಕರು. ಅವರ ಜೊತೆಗೆ ಕಚೇರಿಯ ಸಿಪಾಯಿ ಹೊಳೆಯಪ್ಪ. ಸತ್ತೂರಿನ ಹತ್ತಿರ ಗಾಲಿ ಒಂದು ತಗ್ಗಿಗೆ ಇಳಿದಾಗ ಸಾಹೇಬರು "ಯಾ ಅಲ್ಲಾ" ಎಂದರಂತೆ, ಹೊಳೆಯಪ್ಪ "ಹನಮಪ್ಪಾ" ಎಂದನಂತೆ. "ಇಬ್ಬರೂ ಕೂಡೇ ಎತ್ತಿ ಹಿಡದ್ರು ನೋಡವ್ವ, ಒಂದ ಗಾಜ ಒಡೀಲಿಲ್ಲ" ಎಂದು ಹೊಳೆಯಪ್ಪ ಇಂದಿಗೂ ಹೇಳುತ್ತಾನೆ.

ಯಂತ್ರವನ್ನು ಕೋಣೆಯಲ್ಲಿ ಜೋಡಿಸಿ ನಿಲ್ಲಿಸಿದ ಮೇಲೆ ಸಾಹೇಬರು ಕಲಿಸಿದ ಬಗೆ ನಾನು ಕಣ್ಣಾರೆ ಕಂಡದ್ದು. ಕೋಣೆಯನ್ನು ಕತ್ತಲೆ ಮಾಡಿ, ಮಕ್ಕಳನ್ನು ಇಬ್ಬಿಬ್ಬರಾಗಿ ಕೂಡ್ರಿಸಿ, ಅವರು ಹಿಂದೆ ಕೈ ಕಟ್ಟಿಕೊಂಡು ನಿಲ್ಲುತ್ತಿದ್ದರು. ಎಳ್ಳಿನಷ್ಟು ಅಗಲದ ತಾಮ್ರದ ಜಾಲರಿಯನ್ನು ಚಿಮಟದಿಂದ ಹಿಡಿದು ಇಡುವವರು ಮಕ್ಕಳು, ಒಳಗಿನ ಗಾಳಿಯನ್ನು ಪಂಪಿನಿಂದ ಹೊರಗೆ ತೆಗೆಯುವವರು ಮಕ್ಕಳು, ತಂತಿಯನ್ನು ಕಾಯಿಸಿ ಹಸಿರು ಪರದೆಯ ಮೇಲೆ ಬೆಳಕು ಬೀಳಿಸುವವರೂ ಅವರೇ. ಯಾರಾದರೂ "ಸರ, ನೀವ ತೋರಸ್ರಿ" ಅಂದರೆ, "ನಾ ತೋರಿಸಿದ್ರ ನನ್ನ ಕೈ ಕಲೀತೈತಿ. ಅದು ಆಗಲೇ ಕಲ್ತೈತಿ" ಎನ್ನುತ್ತಿದ್ದರು.

ಸಾವಕ್ಕ ಎಂಬ ಹುಡುಗಿಯ ಮೊದಲ ಸರದಿ ನನಗೆ ಚೆನ್ನಾಗಿ ನೆನಪಿದೆ. ಬ್ಯಾಡಗಿ ಸೀಮೆಯವಳು. ತಂದೆಗೆ ಮೆಣಸಿನಕಾಯಿಯ ಹೊಲ. ಗಿಡದ ಎಲೆ ಮುರುಟಿಕೊಳ್ಳುವ ರೋಗದೊಳಗಿನ ಕ್ರಿಮಿಯನ್ನು ಕಣ್ಣಿಂದ ಕಾಣಬೇಕೆಂದೇ ಈ ಊರಿಗೆ ಓದಲು ಬಂದವಳು. ಅಂದು ಅವಳು ಅವಸರದಲ್ಲಿ ತಂತಿಯನ್ನು ಹೆಚ್ಚಿಗೆ ಕಾಯಿಸಿದಳು. ಪರದೆ ಕತ್ತಲಾಯಿತು, ತಂತಿ ಸುಟ್ಟಿತು. ಹುಡುಗಿ ಮುಖ ಮುಚ್ಚಿಕೊಂಡು ಅತ್ತಳು. ಸಾಹೇಬರು ಸ್ವಲ್ಪ ಹೊತ್ತು ಬಿಟ್ಟು, "ಆತೇನವಾ ಅಳೂದು?" ಎಂದರು.

"ಆತ್ರಿ ಸರ."

"ಇನ್ನೂ ಒಂದೀಟ ಉಳದಿದ್ರ ಅತ್ತು ಮುಗಿಸಿಬಿಡು. ಆಮ್ಯಾಲ ಹೊಸಾದು ಹಾಕು. ಕಣ್ಣಾಗ ನೀರ ಇಟ್ಕೊಂಡು ಹಾಕಿದ್ರ ಅದೂ ಸುಡತೈತಿ."

ಹೊಸ ತಂತಿಯನ್ನು ಅವಳ ಕೈಯಿಂದಲೇ ಹಾಕಿಸಿದರು. ದೀಪದ ಬತ್ತಿ ಸುಟ್ಟಂತೆ ಇದೂ ಸುಡುವುದೇ, ಬದಲಿ ಹಾಕಲು ಬಾರದವರಿಗೆ ಯಂತ್ರ ಬರುವುದಿಲ್ಲ ಎಂದರು. ಅಂದಿನ ಮೇಲೆ ಯಾರ ತಂತಿ ಸುಟ್ಟರೂ ಸಾವಕ್ಕನನ್ನೇ ಕರೆಯುತ್ತಿದ್ದರು.

ಅದೇ ದಿನಗಳಲ್ಲಿ ಸಾಹೇಬರು ನನ್ನನ್ನೂ ಕರೆದು, "ಬರ್ರಿ ಗುಡ್ಡವ್ವ, ದಿನಾ ಧೂಳಿ ಒರಸ್ತೀರಿ, ಒಳಗ ಏನೈತಿ ಒಮ್ಮಿ ನೋಡ್ರಿ" ಎಂದರು. ನೋಡಿದೆ. ಹಸಿರು ಬೆಳಕಿನಲ್ಲಿ ಸಣ್ಣ ಸಣ್ಣ ಕಡ್ಡಿಗಳು ಚೆಲ್ಲಿದಂತೆ ಬಿದ್ದಿದ್ದವು. ಇವು ರೋಗ ಹತ್ತಿದ ಯಾವುದೋ ಎಲೆಯ ರಸದಲ್ಲಿದ್ದವು ಎಂದರು. ಯಲ್ಲವ್ವನ ಗುಡ್ಡದಲ್ಲಿ ಆಗುವಂತೆ ಕೈ ತಾವಾಗಿ ಮುಗಿದವು. ಇಷ್ಟು ಸಣ್ಣದರಲ್ಲೂ ಅವಳು ಒಂದು ಆಕಾರ ಇಟ್ಟಿದ್ದಾಳಲ್ಲ ಎಂದುಕೊಂಡೆ. ಆ ಕೈ ಮುಗಿದದ್ದು ತಪ್ಪೆಂದು ಈಗಲೂ ನನಗೆ ಅನಿಸುವುದಿಲ್ಲ. ತಪ್ಪು ಅದರ ಮರುದಿನ ಶುರುವಾಯಿತು.

ಮರುದಿನದಿಂದ ಆ ಕೋಣೆಯ ಹೊಸ್ತಿಲಿಗೆ ನಾನು ಅರಿಷಿಣ ಕುಂಕುಮ ಹಚ್ಚತೊಡಗಿದೆ. ಮುಂದೆ ರಂಗೋಲಿ ಹಾಕಿದೆ. ಚಪ್ಪಲಿ ಹೊರಗೆ ಬಿಡಿ ಎಂದೆ. ಸಾಹೇಬರು ನಕ್ಕು, "ಚಪ್ಪಲಿ ಮಾತು ಬರೋಬ್ಬರಿ ಐತಿ, ಧೂಳಿ ಕಮ್ಮಿ ಆಗತೈತಿ. ಕುಂಕುಮ ಮಾತ್ರ ಹೊಸ್ತಿಲ ದಾಟಿ ಬರಬಾರ್ದು ನೋಡ್ರಿ, ನನ್ನ ಪಂಪಿಗೆ ಅದು ಆಗಿಬರೂದಿಲ್ಲ" ಎಂದರು. ಅಲ್ಲಿಗೇ ನಿಂತಿದ್ದರೆ ಚೆಂದವಿತ್ತು. ಅಷ್ಟರಲ್ಲಿ ಅವರು ಕಲಕತ್ತೆಯ ದೊಡ್ಡ ಪ್ರಯೋಗಾಲಯವೊಂದಕ್ಕೆ ಕೆಲವು ತಿಂಗಳ ಮಟ್ಟಿಗೆ ಹೋದರು. ಹೋಗುವಾಗ ಮಕ್ಕಳಿಗೆ, "ನಿಮಗ ಬರತೈತಿ, ನಡಸ್ರಿ" ಎಂದು ಹೇಳಿ, ಕೀಲಿ ಕೊಟ್ಟು ಬಾಗಿಲು ತೆರೆದು ಮುಚ್ಚುವ ಕೆಲಸ ನನಗೆ ಒಪ್ಪಿಸಿದರು.

ಬಾಗಿಲು ಕೈಗೆ ಬಂದ ಮೇಲೆ ಮನುಷ್ಯ ಏನಾಗುತ್ತಾನೆ ಎಂಬುದನ್ನು ತಮಗೆ ನಾನು ತಿಳಿಸಿ ಹೇಳಬೇಕಾಗಿಲ್ಲ. ನಾನಂತೂ ಪೂಜಾರಿಯಾದೆ. ಸ್ನಾನ ಮಾಡಿ ಬಂದಿಯೇನಪ್ಪ ಎಂದು ಕೇಳತೊಡಗಿದೆ. ಒಬ್ಬ ಹುಡುಗನ ಮನೆಯಲ್ಲಿ ಸೂತಕವಿತ್ತು. ಅವನನ್ನು ದಿನಗಳು ಮುಗಿಯುವ ತನಕ ಒಳಗೆ ಬಿಡಲಿಲ್ಲ. ಅವನು ಜಗಳಾಡಲಿಲ್ಲ, ಹಿರಿಯಳೆಂದು ಸುಮ್ಮನಾದ. ಮಕ್ಕಳು ಸುಮ್ಮನಿದ್ದದ್ದನ್ನು ನಾನು ಭಕ್ತಿ ಎಂದುಕೊಂಡೆ.

ಮುಂದಿನದನ್ನು ಪತ್ರಿಕೆಯಲ್ಲಿ ಬರೆಯಲು ಕೈ ಬರುವುದಿಲ್ಲ. ಹೆಂಗಸರ ತಿಂಗಳ ದಿನಗಳ ಮಾತು ಗಂಡಸರು ಚಹಾ ಕುಡಿಯುತ್ತ ಓದುವ ಹಾಳೆಯಲ್ಲಿ ಬರಬಾರದು ಎನ್ನುವವಳೇ ನಾನು. ಬರೆಯಲೇ ಎಂದು ಸಾವಕ್ಕನನ್ನು ಕೇಳಿದೆ. "ಬರೀ ಗುಡ್ಡವ್ವ, ನನ್ನ ಹೆಸರೂ ಬರೀ. ಹೆಸರ ಇಲ್ಲಂದ್ರ ಓದಿದವರು ಎಲ್ಲಾ ಹುಡುಗ್ಯಾರನ್ನೂ ಅನಮಾನದಿಂದ ನೋಡತಾರ" ಎಂದಳು. ಅದಕ್ಕೆ ಬರೆಯುತ್ತೇನೆ.

ದೀಪಾವಳಿಯ ಮುಂದಿನ ವಾರ. ಸಾವಕ್ಕ ಊರಿನಿಂದ ಮುರುಟಿದ ಎಲೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ಅವುಗಳ ರಸ ತೆಗೆದು ಜಾಲರಿಯ ಮೇಲೆ ಇಟ್ಟು ಅಂದೇ ನೋಡಬೇಕು, ಮರುದಿನಕ್ಕೆ ಅದು ಕೆಡುತ್ತದೆ ಎಂದು ಹೇಳಿದ್ದಳು. ಬೆಳಿಗ್ಗೆ ಹೊಟ್ಟೆನೋವೆಂದು ನಾನು ಬಾಟಲಿ ತೊಳೆಯುವಲ್ಲಿಗೆ ಬಂದು, ಹೊರಗಾಗಿದ್ದೇನೆ ಎಂದು ಕಿವಿಯಲ್ಲಿ ಹೇಳಿಕೊಂಡಳು. ತಾಯಿ ದೂರವಿರುವ ಮಗಳು ಇನ್ಯಾರಿಗೆ ಹೇಳಬೇಕು? ಅಜವಾನದ ಕಷಾಯ ಕಾಸಿಕೊಟ್ಟೆ. ತಲೆ ಸವರಿ, ಬಿಸಿಲಿಗೆ ಕೂತುಕೋ ಎಂದೆ. ಮಧ್ಯಾಹ್ನ ಅವಳು ಚಿಮಟ, ಜಾಲರಿಯ ಡಬ್ಬಿ ಹಿಡಿದು ಬಂದಾಗ ಅದೇ ನಾನು ಬಾಗಿಲಿಗೆ ಅಡ್ಡ ನಿಂತೆ.

"ಇವತ್ತ ಬ್ಯಾಡ ನನ್ನವ್ವ."

"ಯಾಕ ಗುಡ್ಡವ್ವ? ಇವತ್ತ ನನ್ನ ಸರದಿ."

"ಸರದಿ ಎಲ್ಲಿ ಹೋಗತೈತಿ? ನಾಕ ದಿನ ಬಿಟ್ಟು ಬಾ."

ಅವಳಿಗೆ ತಿಳಿಯಿತು. ಮುಖ ಕೆಂಪಾಯಿತು. "ಮಷೀನಿಗೆ ಏನ ಗೊತ್ತಾಗತೈತಿ?" ಎಂದಳು, ಮೆಲ್ಲಗೆ.

"ಮಷೀನಿಗೆ ಗೊತ್ತಾಗೂದಿಲ್ಲ. ನನಗ ಗೊತ್ತೈತೆಲ್ಲ."

ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಹೋದಳು. ಎಲೆಯ ರಸ ಕೆಟ್ಟಿತು. ಊರಲ್ಲಿ ತಂದೆ ಅಷ್ಟರಲ್ಲಿ ರೋಗದ ಗಿಡಗಳನ್ನು ಕಿತ್ತು ಸುಟ್ಟಿದ್ದರು. ಬಾಡಿ ಉಳಿದ ಎಲೆಗಳಿಂದ ಹೊಸ ಸಸಿಗೆ ರೋಗ ಹತ್ತಿಸಿ ಅದು ಎಲೆ ಮುರುಟುವ ತನಕ ಕಾಯಬೇಕಾಯಿತು. ಕಾಯುವುದರೊಳಗೆ ತಮ್ಮ ಆದೇಶ ಬಂತು. ಯಾವುದನ್ನು ಕಾಣಲು ಆ ಹುಡುಗಿ ಮನೆ ಬಿಟ್ಟು ಬಂದಳೋ ಅದನ್ನು ಅವಳು ಇನ್ನೂ ಕಂಡಿಲ್ಲ. ಅಂಥದನ್ನು ನಾನು ಕಂಡಿದ್ದೇನೆ, ಕಸ ಹೊಡೆಯುವವಳು. ಅವಳು ಕಂಡಿಲ್ಲ.

ಆದೇಶ ಹೇಗೆ ಬಂತು ಎಂಬುದರಲ್ಲೂ ನನ್ನ ಪಾಲಿದೆ. ಅಂದು ಸಂಜೆ ಹೊಳೆಯಪ್ಪನ ಮುಂದೆ ನಾನೇ ಹೆಮ್ಮೆಯಿಂದ ಹೇಳಿದೆ: ಯಾರ್ಯಾರನ್ನು ಬಿಟ್ಟೆ, ಯಾರ್ಯಾರನ್ನು ತಡೆದೆ ಎಂದು. ಅವನು ಕಚೇರಿಯಲ್ಲಿ ಹೇಳಿದ. ಎರಡೇ ದಿನದಲ್ಲಿ ತಾವು ಖುದ್ದಾಗಿ ಬಂದಿರಿ. ರಂಗೋಲಿ ನೋಡಿದಿರಿ. "ಭೇಷ್ ಗುಡ್ಡವ್ವ. ಈ ಸಂಸ್ಥಾದಾಗ ಶಿಸ್ತು ಅಂದ್ರ ಏನಂತ ನಿನಗೊಬ್ಬಾಕಿಗೆ ತಿಳದದ ನೋಡು. ಕಂಡಕಂಡವರು ಮುಟ್ಟಿದ್ರ ಇಂಥಾ ಸಾಮಾನು ಉಳೀತದೇನು?" ಎಂದಿರಿ. ಕೂಡಲು ಒಂದು ಸ್ಟೂಲು ಕಳಿಸಿದಿರಿ. ನನ್ನಂಥವಳಿಗೆ ಕಚೇರಿಯವರು ಕೂಡು ಎಂದದ್ದು ಅದೇ ಮೊದಲು. ಅಂದು ರಾತ್ರಿ ದೇವರ ಮುಂದೆ ದೀಪ ಹಚ್ಚುವಾಗ ನಾನು ಎಷ್ಟು ಉಬ್ಬಿದ್ದೆ ಎಂದು ನೆನೆದರೆ ಈಗ ಆ ದೀಪದ ಮುಂದೆ ಕೂಡಲು ಆಗುವುದಿಲ್ಲ. ಮುಂದಿನ ವಾರವೇ ಹೊಳೆಯಪ್ಪ ಅಂಟು ಬಳಿದ ಕಾಗದ ತಂದು ಬಾಗಿಲಿಗೆ ಹಚ್ಚಿದ. ಓದಿ ನಾನು ಗಾಬರಿಯಾದೆ. ಯಾರೂ ಮುಟ್ಟಬಾರದೆಂದು ನಾನು ಅಂದಿರಲಿಲ್ಲವಲ್ಲ! ಶುದ್ಧರಾಗಿ ಬನ್ನಿ ಎಂದಿದ್ದೆ ಅಷ್ಟೇ. ತಮ್ಮ ಕೋಣೆಗೆ ಬಂದು, "ಸಾಹೇಬ್ರ, ಮಕ್ಕಳು ಕಲಿಯೂದು ಹ್ಯಾಂಗ್ರಿ?" ಎಂದು ಕೇಳಿದೆ. ತಾವು ಕಾಗದದಿಂದ ತಲೆ ಎತ್ತದೆ ಕೊಟ್ಟ ಉತ್ತರ ಇದು:

"ಮದಲಿನಿಂದ ನೀನೇ ತಡೀಲಿಕತ್ತಿದ್ದಿ. ನಾವು ಕಾಗದದ ಮ್ಯಾಲೆ ಬರದೇವಿ, ಅಷ್ಟ."

ಆ ಮಾತು ಸುಳ್ಳಾಗಿದ್ದರೆ ಉತ್ತರ ಕೊಡಬಹುದಿತ್ತು.

ಇನ್ನು ತಮ್ಮ ಲೆಕ್ಕಕ್ಕೆ ಬರುತ್ತೇನೆ. ಪರದೇಶದ ಸಾಮಾನು, ಕೆಟ್ಟರೆ ಮತ್ತೊಂದು ಬರುವುದು ಕಷ್ಟ, ಮಕ್ಕಳ ಕೈಗೆ ಕೊಡಲಾಗದು ಎನ್ನುತ್ತೀರಿ. ಸರಿ. ಹಾಗಾದರೆ ಕಾರ್ತೀಕದಲ್ಲಿ ತಮ್ಮ ಮನೆಯ ಮದುವೆಗೆ ಬಂದ ಬೀಗರನ್ನು ಆ ಕೋಣೆಯೊಳಗೆ ಕರೆದುಕೊಂಡು ಬಂದದ್ದು ಯಾವ ನಿಯಮದ ಪ್ರಕಾರ? ಬೀಗತಿಯೊಬ್ಬರು ಪಂಪಿನ ತಿರುಪನ್ನು ಹಿಡಿದು ತಿರುವಿ, "ಇದೇನ್ರೀ, ನಮ್ಮ ಹಿಟ್ಟಿನ ಗಿರಣಿಯಾಗೂ ಹಿಂಥಾದ ಅದ" ಎಂದಾಗ ತಾವು ಬಾಯಿ ತುಂಬ ನಕ್ಕಿರಲ್ಲ, ಆ ತಿರುಪು ಮಕ್ಕಳ ಕೈಗೆ ಮಾತ್ರ ಕೆಡುವಂಥದೇ? ಅಂದು ನಾನು ಅವರನ್ನು ಸ್ನಾನವಾಯಿತೇ, ಸೂತಕವಿದೆಯೇ ಎಂದು ಕೇಳಲಿಲ್ಲ. ಎದ್ದು ನಿಂತು ಬಾಗಿಲು ತೆಗೆದೆ. ನನ್ನ ಮಡಿ ಯಾರ ಮುಂದೆ ಏಳುತ್ತದೆ, ಯಾರ ಮುಂದೆ ಮಲಗುತ್ತದೆ ಎಂಬುದು ಅಂದು ನನಗೇ ಕಂಡಿತು. ಅವರ ಹಿಂದೆಯೇ ಸಾವಕ್ಕ ಓಣಿಯಲ್ಲಿ ಗೋಡೆಗೆ ಒತ್ತಿ ನಿಂತಿದ್ದಳು, ದಾರಿ ಬಿಟ್ಟುಕೊಟ್ಟು.

ಕಚೇರಿಯ ಮೂಲಕ ಛಾಯಾಚಿತ್ರ ಒದಗಿಸುತ್ತೇವೆ ಎಂದಿರಿ. ಒದಗಿಸುವವರು ಯಾರು? ಯಂತ್ರ ನಡೆಸಲು ಮುಂಬಯಿಯಿಂದ ಒಬ್ಬರು ಬರುತ್ತಾರೆಂದು ಸಂಕ್ರಾಂತಿಯಿಂದ ಕೇಳುತ್ತಿದ್ದೇವೆ. ಇಂದಿನ ತನಕ ಬಂದದ್ದು ಯಂತ್ರಕ್ಕೆ ಹೊದಿಸಲು ಒಂದು ಕಸೂತಿಯ ಬಟ್ಟೆ ಮಾತ್ರ. ಈಗ ನಾನು ಯಂತ್ರದ ಧೂಳು ಒರೆಸುವುದಿಲ್ಲ, ಬಟ್ಟೆಯ ಧೂಳು ಝಾಡಿಸುತ್ತೇನೆ. ದೇವರಿಗಾದರೂ ದಿನಕ್ಕೊಮ್ಮೆ ಉಡುಪು ಬಿಚ್ಚಿ ನೀರು ಹಾಕುತ್ತಾರೆ. ತಮ್ಮ ದೇವರಿಗೆ ಅದೂ ಇಲ್ಲ.

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನನ್ನ ತಮ್ಮ ಗಂಗಪ್ಪನಿದ್ದಾನೆ, ಸಾಲೆಯ ಮಾಸ್ತರ. ನಮ್ಮ ಮನೆಗಳಲ್ಲಿ ಹಲವರಂತೆ ಅವನೂ ಬುದ್ಧನ ದೀಕ್ಷೆ ತೆಗೆದುಕೊಂಡ. ನಾನು ಯಲ್ಲವ್ವನನ್ನು ಬಿಡಲಿಲ್ಲ. ಅದರ ಬಗ್ಗೆ ನಮ್ಮಲ್ಲಿ ಹಳೆಯ ತಕರಾರು. ಇದನ್ನೆಲ್ಲ ಅವನ ಮುಂದೆ ಹೇಳಿದೆ, ಸಮಾಧಾನ ಹೇಳುತ್ತಾನೆ ಎಂದು. ಅವನು ತಟ್ಟೆಯಿಂದ ಕೈ ತೆಗೆದು ನನ್ನನ್ನೇ ನೋಡಿದ.

"ಅಕ್ಕಾ, ಗುಡಿ ಹೊರಗ ನಿಂತು ನಿಂತು ನಿನಗ ಹೊಸ್ತಿಲ ಮ್ಯಾಲ ಪ್ರೀತಿ ಬಂದೈತಿ. ಗುಡಿ ಸಿಗಲಿಲ್ಲ ಅಂದ್ರ ಏನಾತು, ನಂದ ಒಂದ ಹೊಸ್ತಿಲರ ಇರ್ಲಿ ಅಂತ ಮಾಡ್ಕೊಂಡಿ."

"ಅನ್ನಾ ಉಣ್ಣೂವಾಗ ಹಿಂಥಾ ಮಾತ ಆಡಬ್ಯಾಡೋ" ಎಂದೆ.

"ಉಂಡಮ್ಯಾಲ ಆಡಿದ್ರ ಸಿಹಿ ಆಗತೈತೇನು?" ಎಂದ.

ಸಂಚಾಲಕರೇ, ಆ ಮಾತಿನ ಅರ್ಥ ತಮಗಾಗಲಿ ಎಂದು ಇನ್ನೊಂದು ಸಂಗತಿ ಬರೆಯುತ್ತೇನೆ. ನಮ್ಮೂರು ಇಲ್ಲೇ ಧಾರವಾಡದ ಪಕ್ಕ, ಲಕಮನಹಳ್ಳಿಯಿಂದ ಬಹಳ ದೂರವಿಲ್ಲ. ನಮ್ಮ ಕೇರಿ ಊರ ಹೊರಗೆ. ಸಾಲೆಗೆ ನನ್ನನ್ನು ಹಾಕಿದರು, ಆದರೆ ಕೂಡ್ರಿಸಿದ್ದು ಪಡಸಾಲೆಯಲ್ಲಿ, ಕಿಟಕಿಯ ಹೊರಗೆ. ಒಳಗಿನ ಮಕ್ಕಳಿಗೆ ಮಾಸ್ತರರು ಪಾಟಿಯ ಮೇಲೆ ಕೈ ಹಿಡಿದು ಅಕ್ಷರ ತಿದ್ದಿಸುತ್ತಿದ್ದರು. ಮಾಸ್ತರರ ಕೈ ಮಗುವಿನ ಕೈಯ ಮೇಲೆ, ಮಗುವಿನ ಕೈ ಬಳಪದ ಮೇಲೆ, ಹೀಗೆ ಸುತ್ತಿ ಹೀಗೆ ಇಳಿಸಿ ಎಂದು. ನನ್ನ ಕೈ ಹಿಡಿಯುವಂತಿರಲಿಲ್ಲ. ಅವರು ಕೆಟ್ಟವರೇನಲ್ಲ, ಕಿಟಕಿಯ ಹತ್ತಿರ ಬಂದು ಗಾಳಿಯಲ್ಲಿ ಬೆರಳಿನಿಂದ ಬರೆದು ತೋರಿಸುತ್ತಿದ್ದರು. ನೋಡಿದೆ, ಕಲಿತೆ. ಓದಲು ಚೆನ್ನಾಗಿ ಬಂತು. ಬರೆಯಲು ಕೂತರೆ ಇವತ್ತಿಗೂ ನನ್ನ ಅಕ್ಷರಗಳು ಒಂದರ ಮೇಲೊಂದು ಬೀಳುತ್ತವೆ. ಈ ಪತ್ರವನ್ನು ಅಚ್ಚಿಗೆ ಜೋಡಿಸುವವರನ್ನು ಕೇಳಿ ನೋಡಿ. ನೋಡಿ ಕಲಿಯುವುದು ಎಲ್ಲಿಯ ತನಕ ಒಯ್ಯುತ್ತದೆ, ಎಲ್ಲಿ ಕೈ ಬಿಡುತ್ತದೆ ಎಂಬುದು ನನಗೆ ಗೊತ್ತು. ತಾವು ಎಮ್.ಎಸ್ಸಿ. ಮಕ್ಕಳಿಗೆ ಕಚೇರಿಯಿಂದ ಕಳಿಸುವ ಛಾಯಾಚಿತ್ರ ಆ ಗಾಳಿಯಲ್ಲಿ ಬರೆದ ಅಕ್ಷರ. ಇಷ್ಟು ಗೊತ್ತಿದ್ದೂ ನಾನು ಬಾಗಿಲಿಗೆ ಅಡ್ಡ ನಿಂತೆ. ಗೊತ್ತಿಲ್ಲದೆ ನಿಂತವರಿಗೆ ದೇವರು ಕ್ಷಮೆ ಕೊಡಬಹುದು.

ಕಮರುದ್ದೀನ ಸಾಹೇಬರು ಕಲಕತ್ತೆಯಿಂದ ಮರಳಿ ಬಂದ ದಿನ ಮೊದಲು ಬಾಗಿಲ ಕಾಗದ ಓದಿದರು, ಆಮೇಲೆ ರಂಗೋಲಿ ನೋಡಿದರು, ಆಮೇಲೆ ನನ್ನ ಮುಖ. ನಾನು ಎದ್ದು ನಿಂತು ಎಲ್ಲ ಹೇಳಿದೆ, ಸಾವಕ್ಕನದನ್ನೂ. ಬೈದಿದ್ದರೆ ಹಗುರಾಗುತ್ತಿತ್ತು.

"ನನಗೂ ಮದಲನೇ ಸಲ ನೋಡಿದಾಗ ಕಣ್ಣಾಗ ನೀರ ಬಂದಿತ್ತು ಗುಡ್ಡವ್ವ. ಕೈ ಎತ್ತಿ ದುವಾ ಮಾಡಬೇಕು ಅನಿಸ್ತು. ನಮ್ಮ ಗುರುಗಳು ಎತ್ತಿದ ಕೈ ಹಂಗ ಹಿಡದು ತಿರುಪಿನ ಮ್ಯಾಲೆ ಇಟ್ರು. 'ದುವಾ ಇದ' ಅಂದ್ರು. ನಾ ಹೋಗೂ ಮುಂದ ನಿಮ್ಮ ಕೈಗೂ ಹಂಗ ಏನರ ಕೊಟ್ಟು ಹೋಗಬೇಕಾಗಿತ್ತು. ಕೀಲಿ ಕೊಟ್ಟು ಹೋದೆ. ತಪ್ಪು ನಂದೂ ಐತಿ."

ತಪ್ಪನ್ನು ಹೀಗೆ ಹಂಚಿಕೊಂಡವರನ್ನು ನಾನು ಅವರೊಬ್ಬರನ್ನೇ ಕಂಡೆ. ಅಲ್ಲಿಂದ ನೇರ ತಮ್ಮ ಕೋಣೆಗೆ ಹೋದರು. ಬಾಗಿಲು ತೆರೆದೇ ಇತ್ತು, ಚಹಾದ ಕಪ್ಪು ತೆಗೆಯಲು ನಿಂತ ಹೊಳೆಯಪ್ಪನಿಗೂ ಓಣಿಯಲ್ಲಿದ್ದ ನನಗೂ ಎಲ್ಲ ಕೇಳಿಸಿತು. ವಿದ್ಯಾರ್ಥಿಗಳಿಗೆ ಯಂತ್ರ ನಡೆಸಲು ಬರುತ್ತದೆ ಎಂದು ಬರೆದುಕೊಡಿ, ಪರೀಕ್ಷಕರನ್ನು ನಾವು ನೋಡಿಕೊಳ್ಳುತ್ತೇವೆ ಎಂದು ತಾವು ಹೇಳಿದಿರಿ. ಸಾಹೇಬರು, "ಚಳಿಗಾಲ ಪೂರ್ತಿ ಕೈ ಹಚ್ಚದವರಿಗೆ ಬರತೈತಿ ಅಂತ ನಾ ಹ್ಯಾಂಗ ಬರೀಲಿ? ನಾಳೆ ಇವರು ಯಾವುದರ ದವಾಖಾನಿಗೆ, ಯಾವುದರ ಸಂಸ್ಥಾಕ್ಕ ಹೋಗತಾರ. ಅಲ್ಲಿ ಮಷೀನ ಮುಂದ ಕುಂತಾಗ ನನ್ನ ಸಹಿ ಬಂದು ನಡಸತೈತೇನ್ರಿ?" ಎಂದರು. ತಾವು, "ಸಹಿ ಮಾಡದಿದ್ರ ಹುಡುಗರು ನಪಾಸ ಆಗತಾರ, ವಿಚಾರ ಮಾಡ್ರಿ" ಎಂದಿರಿ. ಹೀಗೆ ಆ ಒಳ್ಳೆಯ ಮನುಷ್ಯನ ಮುಂದೆ ಸುಳ್ಳು ಅಥವಾ ಮಕ್ಕಳ ನಾಶ, ಎರಡನ್ನೇ ಇಟ್ಟಿರಿ. ಬಾಗಿಲು ತೆಗೆಯುವ ಮೂರನೆಯ ದಾರಿ ತಮಗೆ ಹೊಳೆಯಲೇ ಇಲ್ಲವೇ? ಇಷ್ಟು ದೊಡ್ಡ ಕಟ್ಟಡದಲ್ಲಿ ಅದು ಹೊಳೆದದ್ದು ಹೊಳೆಯಪ್ಪನಿಗೆ ಮಾತ್ರ. ಹೊರಗೆ ಬಂದು, "ಕದಾ ತಗದ್ರ ಮುಗೀತಲ್ಲೇನವ್ವ? ಇದಕ್ಕ್ಯಾಕ ಇಷ್ಟು ಇಂಗ್ಲೀಷಿನ್ಯಾಗ ಬಡದಾಡತಾರ?" ಎಂದ.

ಆ ಸಂಜೆ ಸಾವಕ್ಕನ ಖೋಲಿಗೆ ಹೋದೆ. ಕಿಟಕಿಯಲ್ಲಿ ಡಬ್ಬಿಗಳಲ್ಲಿ ಮೆಣಸಿನ ಸಸಿಗಳು, ಎಲೆ ಮುರುಟಲು ಶುರುವಾಗಿದ್ದವು. ನನ್ನನ್ನು ಕೂಡ್ರಿಸಿ, ಅವಲಕ್ಕಿ ಕಲಸಿ ಕೊಟ್ಟಳು. ತಿನ್ನಲಾಗಲಿಲ್ಲ. "ತಪ್ಪಾತವ್ವ" ಎಂದೆ. ಇಲ್ಲ ಬಿಡು ಗುಡ್ಡವ್ವ, ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಸಸಿಗೆ ನೀರು ಹಾಕುತ್ತ, ನನ್ನ ಕಡೆ ನೋಡದೆ ಹೇಳಿದಳು:

"ಅವತ್ತ ನೀ ಅಡ್ಡ ನಿಂತಾಗ ನಾ ನಿನ್ನ ಸರಿಸಿ ಒಳಗ ಹೋಗಬಹುದಿತ್ತು. ನೀ ಏನ ಪೊಲೀಸ ಅಲ್ಲ. ನನಗ ಸಿಟ್ಟ ನಿನ್ನ ಮ್ಯಾಲ ಅಷ್ಟ ಇಲ್ಲ. ಇಷ್ಟ ಓದೇನಿ, ಆದ್ರ ನೀ ಬ್ಯಾಡ ಅಂದ ಕೂಡ್ಲೆ ನನಗೂ ಒಳಗ, ಹೌದು, ಮುಟ್ಟಬಾರ್ದೇನೋ ಅನಿಸ್ತು. ಆ ಮಾತು ನನ್ನೊಳಗ ಮದಲ ಇತ್ತು, ನೀ ಎಬ್ಬಿಸಿದಿ. ಅದು ಹೋಗವಲ್ದು. ಈಗ ಯಾರರ ಮಷೀನ ಮುಂದ ಕುಂಡ್ರು ಅಂದ್ರೂ ನನ್ನ ಕೈ ನಡಗತಾವ."

ಸಂಚಾಲಕರೇ, ತಂತಿ ಸುಟ್ಟರೆ ಹೊಸದು ಹಾಕಬಹುದು. ಆ ಹುಡುಗಿಯ ಕೈಯಿಂದ ಹಾಕಿಸಿದ್ದನ್ನು ನಾನೇ ನೋಡಿದ್ದೇನೆ. ಆ ಕೈಗೆ ನಡುಕ ಹಚ್ಚಿದವಳು ನಾನು. ಅದನ್ನು ತೆಗೆಯುವ ವಿದ್ಯೆ ನನ್ನಲ್ಲಿಲ್ಲ. ಅದು ಇರುವುದು ಆ ಕೋಣೆಯ ಒಳಗೆ. ಮತ್ತೆ ಮತ್ತೆ ಕೂತು, ತಪ್ಪಿ, ಸುಟ್ಟು, ಬದಲಿಸಿ, ಮತ್ತೆ ಕೂತರೆ ಮಾತ್ರ ಹೋಗುವಂಥದು. ತಾವು ಆ ಬಾಗಿಲನ್ನು ಮುಚ್ಚಿ ಕೂತಿದ್ದೀರಿ. ನನ್ನ ಪಾಪವನ್ನು ತಾವು ಸರಕಾರಿ ಮಾಡಿದ್ದೀರಿ. ಅದು ನನ್ನೊಬ್ಬಳದೇ ಆಗಿದ್ದಾಗ ಒಂದು ಮಧ್ಯಾಹ್ನದ ತಪ್ಪಾಗಿತ್ತು. ತಮ್ಮ ಮೊಹರು ಬಿದ್ದ ಮೇಲೆ ಅದು ವರ್ಷದ ಪಾಠವಾಗಿದೆ.

ಆದ್ದರಿಂದ ಕೇಳುವುದು ಇಷ್ಟು. ಆದೇಶವನ್ನು ಹಿಂದಕ್ಕೆ ತೆಗೆದುಕೊಳ್ಳಿ. ಸರದಿಗಳನ್ನು ಮೊದಲಿನಂತೆ ಶುರುಮಾಡಿ, ಪರೀಕ್ಷೆಯ ತನಕ ಹಬ್ಬ, ಆದಿತ್ಯವಾರ ನೋಡದೆ ಕೋಣೆ ತೆರೆದಿಡಿ. ಹೋದ ದಿನಗಳು ಮರಳಿ ಬರುವುದಿಲ್ಲ, ಉಳಿದವನ್ನಾದರೂ ಕೊಡಿ. ಕಮರುದ್ದೀನ ಸಾಹೇಬರಿಗೆ ಖರೇ ಮಾತು ಬರೆಯಲು ಬಿಡಿ. ಮಕ್ಕಳು ಕೆಡಿಸಿದರೆ ಎಂಬ ಭಯಕ್ಕೆ ನನ್ನಲ್ಲಿ ಒಂದೇ ಉತ್ತರವಿದೆ: ಕೆಡಿಸಲಿ, ಸಾಹೇಬರ ಮುಂದೆ ಕೆಡಿಸಿ ಸಾಹೇಬರ ಮುಂದೆ ಸರಿಮಾಡಲಿ. ಯಾರೂ ಮುಟ್ಟದೆ ಹೊಳೆಯುತ್ತಿರುವ ಯಂತ್ರದಿಂದ ಈ ಜಿಲ್ಲೆಯ ಒಂದು ಮೆಣಸಿನ ಗಿಡಕ್ಕಾದರೂ ಏನು ಉಪಯೋಗ?

ಬರುವ ಸೋಮವಾರಕ್ಕೆ ಸಾವಕ್ಕನ ಎಲೆಗಳು ತಯಾರಾಗುತ್ತವೆ. ಸಾಹೇಬರು ಇರುತ್ತಾರೆ. ತಮ್ಮ ಆದೇಶ ಬಾಗಿಲ ಮೇಲಿದ್ದರೂ ಇಲ್ಲದಿದ್ದರೂ ನಾನು ಅಂದು ಕೀಲಿ ತೆಗೆಯುತ್ತೇನೆ. ಅದಕ್ಕಾಗಿ ನನ್ನನ್ನು ಕೆಲಸದಿಂದ ಬಿಡಿಸುವುದಾದರೆ ಬಿಡಿಸಿ. ಕಾರಣ ಬರೆಯುವಲ್ಲಿ ಸಾಹೇಬರ ಹೆಸರನ್ನೋ ಮಕ್ಕಳ ಹೆಸರನ್ನೋ ಬರೆಯಬೇಡಿ, ನನ್ನದೇ ಬರೆಯಿರಿ. ಅಂದು ಹೊಸ್ತಿಲು ತೊಳೆದಿರುತ್ತೇನೆ. ಅವಳು ಯಾವ ದಿನದಲ್ಲಿದ್ದಾಳೆ ಎಂದು ಕೇಳುವುದಿಲ್ಲ. ಮೆಲ್ಲಗೆ ಬಾಗಿಲು ಎಳೆದುಕೊಂಡು ಹೊರಗೆ ನಿಲ್ಲುತ್ತೇನೆ. ಒಳಗೆ, ಆ ಹಸಿರು ಬೆಳಕಿನಲ್ಲಿ, ತನ್ನ ಹೊಲದ ರೋಗ ಅವಳಿಗೆ ಕಂಡರೆ ಹೊರಗೆ ಬಂದು ನನಗೆ ಹೇಳಬೇಕೆಂದೇನೂ ಇಲ್ಲ.

ಇಂತಿ,
ತಮ್ಮ ಆದೇಶವನ್ನು ತಮಗಿಂತ ಮುಂಚೆ ಜಾರಿಗೆ ತಂದವಳು,
ಗುಡ್ಡವ್ವ
ಧಾರವಾಡ, ಶಿವರಾತ್ರಿಯ ಮರುದಿನ, ೧೯೬೮